ವಿದೇಶದ ಬೋಧನಾಭ್ಯಾಸ: ಫೋಟೊ ಬೇಡ, ಒಂದು ಪಾಠ ತನ್ನಿ

ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಈ ವರ್ಷವೂ ಆ ಪ್ರಕಟಣೆ ಬಂದಿದೆ. ಥಾಯ್ಲೆಂಡಿನ ಶಾಲೆಯೊಂದರಲ್ಲಿ ನಾಲ್ಕು ವಾರಗಳ ಬೋಧನಾಭ್ಯಾಸಕ್ಕೆ ಹೋಗಲು ಆಸಕ್ತಿ ಇರುವವರು ಹೆಸರು ಕೊಡಬೇಕು, ಇಂಗ್ಲಿಷಿನಲ್ಲಿ ಸಂದರ್ಶನ ಇರುತ್ತದೆ, ಖರ್ಚಿನ ಬಹುಭಾಗವನ್ನು ಪ್ರಶಿಕ್ಷಣಾರ್ಥಿಯೇ ಭರಿಸಬೇಕು. ಕಳೆದ ಸಲ ಹೋಗಿ ಬಂದವರಲ್ಲಿ ನಾನೂ ಒಬ್ಬಳಾದ್ದರಿಂದ ಮೊದಲ ವರ್ಷದವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಅಕ್ಕಾ, ಊಟ ಹೇಗಿರುತ್ತೆ? ಪಾಸ್‌ಪೋರ್ಟಿಗೆ ಎಷ್ಟು ದಿನ ಬೇಕು? ಸರ್ಟಿಫಿಕೇಟಿಗೆ ಬೆಲೆ ಇದೆಯಾ? ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ, ಉತ್ತರಿಸಿದ್ದೇನೆ. ಆದರೆ 'ನಿಮ್ಮ ಪಾಠ ಆ ಮಕ್ಕಳಿಗೆ ಅರ್ಥವಾಯ್ತಾ?' ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಹೋಗುವ ಮೊದಲು ನಾನೂ ಅದನ್ನು ಕೇಳಿಕೊಂಡಿರಲಿಲ್ಲ.

ಈ ಲೇಖನ ಆ ಪ್ರಶ್ನೆಯ ಬಗ್ಗೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಏಷ್ಯಾದ ಬೇರೊಂದು ದೇಶದಲ್ಲಿ ಬೋಧನಾಭ್ಯಾಸ ಮಾಡುವುದರಿಂದ ನಮಗೆ ಸಿಗುವ ದೊಡ್ಡ ಲಾಭವೆಂದರೆ, ನಮ್ಮ ಮಾತಿನ ಬಲ ಅಲ್ಲಿ ಕೈಕೊಡುತ್ತದೆ. ಮಾತು ಕೈಕೊಟ್ಟಾಗ ಮಗುವಿಗೆ ಏನು ಅರ್ಥವಾಗಿದೆ ಎಂದು ನೋಡದೆ ಬೇರೆ ದಾರಿ ಇರುವುದಿಲ್ಲ. ನಾವು ಈಗ ಆಯ್ಕೆ ಮಾಡುವ ರೀತಿ, ಬಂದ ಮೇಲೆ ಕೇಳುವ ವರದಿ, ಎರಡೂ ಈ ಲಾಭವನ್ನು ಬದಿಗೆ ತಳ್ಳುತ್ತಿವೆ. ಈ ಲಾಭ ವಿಮಾನದ ಟಿಕೆಟ್ ಕೊಳ್ಳಬಲ್ಲವರಿಗೆ ಮಾತ್ರ ಸಿಗಬೇಕಾಗಿಯೂ ಇಲ್ಲ.

ಆಗ್ನೇಯ ಏಷ್ಯಾದಲ್ಲಿ ಭಾವಿ ಶಿಕ್ಷಕರ ವಿನಿಮಯ ಹೊಸದೇನಲ್ಲ. ಆ ಭಾಗದ ಶಿಕ್ಷಣ ಸಚಿವರ ಸಂಘಟನೆಯಾದ ಸೀಮಿಯೊ 1965ರಲ್ಲಿ ಹುಟ್ಟಿದ್ದು, ಅದರ ಕಾರ್ಯಾಲಯ ಬ್ಯಾಂಕಾಕಿನಲ್ಲಿದೆ. ಅದು ನಡೆಸುವ 'ಸೀ-ಟೀಚರ್' ಯೋಜನೆಯಲ್ಲಿ ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಥಾಯ್ಲೆಂಡ್ ಮುಂತಾದ ದೇಶಗಳ ಪ್ರಶಿಕ್ಷಣಾರ್ಥಿಗಳು ಒಂದು ತಿಂಗಳು ಇನ್ನೊಂದು ದೇಶದ ಶಾಲೆಗೆ ಹೋಗುತ್ತಾರೆ. ಮೊದಲ ವಾರ ಅವಲೋಕನ, ಎರಡನೆಯ ವಾರ ತರಗತಿಯ ಶಿಕ್ಷಕರಿಗೆ ಸಹಾಯ, ಮೂರನೆಯ ವಾರ ಸ್ವಂತ ಪಾಠ, ನಾಲ್ಕನೆಯ ವಾರ ಮೌಲ್ಯಮಾಪನ ಮತ್ತು ಚಿಂತನೆ. ನಾನು ಹೋದದ್ದು ಆ ಯೋಜನೆಯಲ್ಲಲ್ಲ, ನಮ್ಮ ಕಾಲೇಜು ಅಲ್ಲಿನ ಒಂದು ರಾಜಭಟ್ ವಿಶ್ವವಿದ್ಯಾಲಯದ ಜೊತೆ ಮಾಡಿಕೊಂಡಿರುವ ಒಪ್ಪಂದದಲ್ಲಿ. ಆದರೆ ವಾರಗಳ ಹಂಚಿಕೆ ಅದೇ ಮಾದರಿಯದು. ರಾಜಭಟ್ ವಿಶ್ವವಿದ್ಯಾಲಯಗಳು ಥಾಯ್ಲೆಂಡಿನಲ್ಲಿ 38 ಇವೆ. ಅವುಗಳ ಬೇರು ಇರುವುದು ಹಿಂದಿನ ಶಿಕ್ಷಕರ ತರಬೇತಿ ಕಾಲೇಜುಗಳಲ್ಲಿ, 2004ರಲ್ಲಿ ಅವಕ್ಕೆ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಹಾಗಾಗಿ ನಮ್ಮಂಥವರನ್ನು ಶಾಲೆಗೆ ಕಳಿಸುವುದು ಅವರಿಗೆ ರೂಢಿಯ ಕೆಲಸ.

ನನಗೆ ಸಿಕ್ಕ ಶಾಲೆ ಈಶಾನ್ಯ ಥಾಯ್ಲೆಂಡಿನ ಒಂದು ಸಣ್ಣ ಪಟ್ಟಣದ್ದು. ಆ ಪ್ರದೇಶವನ್ನು ಈಸಾನ್ ಎನ್ನುತ್ತಾರೆ. ಅಲ್ಲಿನ ಜನ ಅಂಟು ಅನ್ನವನ್ನು ಬಿದಿರಿನ ಪುಟ್ಟ ಬುಟ್ಟಿಯಿಂದ ತೆಗೆದು, ಬೆರಳಲ್ಲಿ ಉಂಡೆ ಮಾಡಿ, ಪಲ್ಯಕ್ಕೆ ಅದ್ದಿ ತಿನ್ನುತ್ತಾರೆ. ಮುದ್ದೆ ಮುರಿದು ಬೆಳೆದ ನನ್ನ ಕೈಗೆ ಅದು ಮೊದಲ ದಿನವೇ ಒಗ್ಗಿತು. ಒಗ್ಗದೆ ಹೋದದ್ದು ತರಗತಿ.

ನಾನು ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ಆಮೇಲೆ ಬಿ.ಇಡಿ.ಗೆ ಸೇರಿದವಳು. ಪಾಠ ಮಾಡಲು ಬರುತ್ತದೆ ಎಂಬ ಧೈರ್ಯ ನನಗಿತ್ತು. ಸೂಕ್ಷ್ಮ ಬೋಧನೆಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಸಂದರ್ಶನದಲ್ಲಿ ಇಂಗ್ಲಿಷ್ ಸರಾಗವಾಗಿ ಮಾತಾಡಿದ್ದರಿಂದಲೇ ಆಯ್ಕೆಯಾಗಿದ್ದೆ. ಟಿಕೆಟ್, ವಿಮೆ, ಕೈಖರ್ಚು ಎಲ್ಲ ಸೇರಿ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ 60 ಸಾವಿರ ಸಾಲ ತೆಗೆದಿದ್ದಳು. ಅಷ್ಟು ಹಣ ಹಾಕಿದ ಮೇಲೆ ಏನೋ ದೊಡ್ಡದನ್ನು ಕಲಿತು ಬರಲೇಬೇಕು ಎಂಬ ಒತ್ತಡವೂ ಇತ್ತು.

ಮೊದಲ ವಾರ ನನ್ನ ಅವಲೋಕನ ಪುಸ್ತಕ ಬೇಗ ಬೇಗ ತುಂಬಿತು. ಬೆಳಗ್ಗೆ 8 ಗಂಟೆಗೆ ಧ್ವಜಾರೋಹಣ, ರಾಷ್ಟ್ರಗೀತೆ. ತರಗತಿಯ ಹೊರಗೆ ಸಾಲಾಗಿ ಬಿಟ್ಟ ಬೂಟುಗಳು. ಮಕ್ಕಳೇ ಕೊಠಡಿ ಗುಡಿಸುವುದು. ಶಿಕ್ಷಕರು ಎದುರಾದರೆ ನಿಂತು ಕೈಮುಗಿಯುವುದು. ಜೂನ್ ತಿಂಗಳ ಒಂದು ಗುರುವಾರ 'ವಾಯ್ ಖ್ರೂ' ಎಂಬ ಗುರುವಂದನೆಯ ದಿನವೂ ಬಂತು. ಖ್ರೂ ಎಂದರೆ ನಮ್ಮ ಗುರುವೇ. ಗುರುವಾರವನ್ನೇ ಆರಿಸುವುದು ಅದು ಬೃಹಸ್ಪತಿಯ ದಿನವೆಂದು, ಅವರ ಭಾಷೆಯಲ್ಲಿ ಆ ವಾರದ ಹೆಸರೇ ಬೃಹಸ್ಪತಿಯಿಂದ ಬಂದದ್ದು. ಮಕ್ಕಳು ಬಾಳೆಲೆಯಲ್ಲಿ ಕಟ್ಟಿ ತಂದ ಅರ್ಪಣೆಯಲ್ಲಿ ಗರಿಕೆ ಇತ್ತು, ಕೇಪಳದ ಹೂ ಇತ್ತು, ಬದನೆಯ ಹೂ ಇತ್ತು. ಗರಿಕೆ ತುಳಿದರೂ ಚಿಗುರುತ್ತದೆ, ಕಲಿಕೆ ಹಾಗೆ ಹಬ್ಬಲಿ ಎಂದು. ಕೇಪಳದ ಮೊಗ್ಗು ಸೂಜಿಯಂತೆ ಚೂಪು, ಬುದ್ಧಿ ಹಾಗಿರಲಿ ಎಂದು. ಬದನೆಯ ಹೂ ತಲೆ ತಗ್ಗಿಸಿರುತ್ತದೆ, ಅದು ವಿನಯಕ್ಕೆ. ಹದಿಮೂರು ವರ್ಷದ ಮಕ್ಕಳು ಸಾಲಾಗಿ ಬಂದು ಮಂಡಿಯೂರಿದಾಗ ನನ್ನ ಕಣ್ಣು ತುಂಬಿತು. ಆ ಫೋಟೊ ಕಾಲೇಜಿನ ವಾರ್ಷಿಕ ವರದಿಯಲ್ಲಿ ಬಂದಿದೆ.

ಆದರೆ ಅದೇ ಕೈಗಳು ತರಗತಿಯಲ್ಲಿ ಪ್ರಶ್ನೆ ಕೇಳಲು ಮೇಲೇಳುತ್ತಿರಲಿಲ್ಲ. ಅದನ್ನು ನಾನು ಅವಲೋಕನ ಪುಸ್ತಕದಲ್ಲಿ 'ಉತ್ತಮ ಶಿಸ್ತು' ಎಂದು ಬರೆದುಕೊಂಡೆ.

ಮೂರನೆಯ ವಾರ ನನ್ನ ಪಾಠ. ತರಗತಿ ಮತ್ತಯೊಮ್ 2, ಅಂದರೆ ನಮ್ಮ ಎಂಟನೇ ತರಗತಿ. ವಿಷಯ ದ್ರಾವಣಗಳು. ಸತ್ಯ ಹೇಳಬೇಕೆಂದರೆ ಆ ಶಾಲೆಗೆ ಬೇಕಿದ್ದದ್ದು ನನ್ನ ವಿಜ್ಞಾನಕ್ಕಿಂತ ನನ್ನ ಇಂಗ್ಲಿಷ್. ವಿದೇಶದಿಂದ ಬಂದವಳು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಾಳೆ, ಮಕ್ಕಳಿಗೆ ಕಿವಿ ಪಳಗುತ್ತದೆ ಎಂಬ ಲೆಕ್ಕ. ನಾನೂ ಅದಕ್ಕೆ ತಕ್ಕಂತೆ ಸ್ಲೈಡು, ಚಿತ್ರ, ಅಭ್ಯಾಸ ಹಾಳೆ ಸಿದ್ಧಮಾಡಿಕೊಂಡು ಹೋದೆ. ಬೀಕರಿನಲ್ಲಿ ನೀರು, ಅದಕ್ಕೆ ಸಕ್ಕರೆ, ಗಾಜಿನ ಕಡ್ಡಿಯಿಂದ ಕಲಕಿದೆ. ಸಾಲ್ಯೂಟ್, ಸಾಲ್ವೆಂಟ್, ಸೊಲ್ಯೂಷನ್. ಮಕ್ಕಳು ಒಂದೇ ದನಿಯಲ್ಲಿ ಮೂರು ಸಲ ಹೇಳಿದರು. 'ಡು ಯು ಅಂಡರ್‌ಸ್ಟ್ಯಾಂಡ್?' ಎಂದೆ. ನಕ್ಕು ತಲೆಯಾಡಿಸಿದರು. ಅಭ್ಯಾಸ ಹಾಳೆಯಲ್ಲಿ ಬಿಟ್ಟ ಸ್ಥಳಗಳನ್ನು ಎಲ್ಲರೂ ಸರಿಯಾಗಿ ತುಂಬಿದ್ದರು. 50 ನಿಮಿಷಕ್ಕೆ ಸರಿಯಾಗಿ ಮುಕ್ತಾಯ. ನಮ್ಮ ಮೌಲ್ಯಮಾಪನ ಪತ್ರದ ಪ್ರಕಾರ ಅದು ಹತ್ತಕ್ಕೆ ಎಂಟು ಅಂಕದ ಪಾಠ.

ಹೊರಗೆ ಬರುವಾಗ ಹಿಂದಿನ ಸಾಲಿನ ಇಬ್ಬರು ಹುಡುಗಿಯರು ಪಿಸುಗುಟ್ಟಿದ್ದು ಕಿವಿಗೆ ಬಿತ್ತು. 'ಬೊ ಖಾವ್ ಚೈ'. ಥಾಯ್ ಭಾಷೆಯಲ್ಲಿ ಅರ್ಥವಾಗಲಿಲ್ಲ ಎನ್ನುವುದಕ್ಕೆ 'ಮೈ ಖಾವ್ ಚೈ' ಎನ್ನುತ್ತಾರೆ ಎಂದು ಕಲಿತುಕೊಂಡೇ ಹೋಗಿದ್ದೆ. ಆದರೆ ಇದು 'ಬೊ'. ಏನೋ ಬೇರೆ ಮಾತು ಅಂದುಕೊಂಡು ಸುಮ್ಮನಾದೆ.

ನನ್ನ ಮಾರ್ಗದರ್ಶಕ ಶಿಕ್ಷಕಿಗೆ ಐವತ್ತರ ಮೇಲೆ ವಯಸ್ಸು. ಅಂಥ ಶಿಕ್ಷಕರನ್ನು ಅಲ್ಲಿ 'ಖ್ರೂ ಫೀ ಲಿಯಂಗ್' ಎನ್ನುತ್ತಾರೆ. ಫೀ ಎಂದರೆ ಅಕ್ಕ ಅಥವಾ ಅಣ್ಣ, ಲಿಯಂಗ್ ಎಂದರೆ ಸಾಕುವುದು. ಪ್ರಶಿಕ್ಷಣಾರ್ಥಿಯನ್ನು ಅಕ್ಕನಂತೆ ಸಾಕುವ ಶಿಕ್ಷಕಿ. ಅವರನ್ನು ಆ ಮಾತಿನ ಬಗ್ಗೆ ಕೇಳಿದೆ. ಅವರು ನಕ್ಕರು. ಅದು ಈಸಾನ್ ನುಡಿ, ಮಕ್ಕಳು ಮನೆಯಲ್ಲಿ ಆಡುವ ಭಾಷೆ, ಲಾವೊಗೆ ಹತ್ತಿರದ್ದು. ಅಲ್ಲಿ 'ಮೈ' ಬದಲು 'ಬೊ'. ಅರ್ಥ ಒಂದೇ: ಅರ್ಥವಾಗಲಿಲ್ಲ. ಅಂದರೆ ಆ ಮಕ್ಕಳಿಗೆ ಶಾಲೆಯ ಥಾಯ್ ಭಾಷೆಯೇ ಎರಡನೆಯದು. ನಾನು ಅದರ ಮೇಲೆ ಮೂರನೆಯದನ್ನು ಹೇರಿದ್ದೆ.

'ಖಾವ್' ಎಂದರೆ ಒಳಗೆ ಹೋಗುವುದು, 'ಚೈ' ಎಂದರೆ ಹೃದಯ ಅಥವಾ ಮನಸ್ಸು. ಅವರ ಭಾಷೆಯಲ್ಲಿ ಅರ್ಥವಾಗುವುದೆಂದರೆ ಮನಸ್ಸಿನೊಳಗೆ ಹೋಗುವುದು. ನಾವೂ ತಲೆಗೆ ಹೋಗಲಿಲ್ಲ ಎನ್ನುತ್ತೇವಲ್ಲ, ಹಾಗೆ. ಮಕ್ಕಳೇಕೆ ನನ್ನನ್ನು ನೇರವಾಗಿ ಕೇಳಲಿಲ್ಲ ಎಂದದ್ದಕ್ಕೆ ಅವರು ಇನ್ನೊಂದು 'ಚೈ' ಹೇಳಿಕೊಟ್ಟರು: 'ಕ್ರೆಂಗ್ ಚೈ'. ಇನ್ನೊಬ್ಬರಿಗೆ ತೊಂದರೆಯಾದೀತು, ಮುಜುಗರವಾದೀತು ಎಂಬ ಹಿಂಜರಿಕೆ. ಕನ್ನಡದಲ್ಲಿ ಅದಕ್ಕೆ ಹತ್ತಿರದ ಮಾತು ದಾಕ್ಷಿಣ್ಯ. ಅಷ್ಟು ದೂರದಿಂದ ಬಂದ ಖ್ರೂಗೆ 'ನಿಮ್ಮ ಪಾಠ ಅರ್ಥವಾಗಲಿಲ್ಲ' ಎಂದು ಹೇಳುವುದು ಹೇಗೆ? ನಾನು ಶಿಸ್ತು ಎಂದು ಬರೆದುಕೊಂಡದ್ದರಲ್ಲಿ ಅರ್ಧ ಈ ದಾಕ್ಷಿಣ್ಯವೇ ಆಗಿತ್ತು.

ಅವರು ನನ್ನನ್ನು ಟೀಕಿಸಲಿಲ್ಲ. ಒಂದು ಕಟ್ಟು ಅರ್ಧ ಹಾಳೆಗಳನ್ನು ಕೈಗೆ ಕೊಟ್ಟು, ನಾಳೆ ಮಾತು ಕಡಿಮೆ ಮಾಡು, ಸಕ್ಕರೆ ಈಗ ಎಲ್ಲಿದೆ ಎಂದು ಬರೆಸು ಅಂದರು.

ಮರುದಿನ ಹಾಗೇ ಮಾಡಿದೆ. ಒಂದು ಲೋಟದಲ್ಲಿ 150 ಗ್ರಾಂ ನೀರು, ಪಕ್ಕದಲ್ಲಿ ಕಾಗದದ ಮೇಲೆ 15 ಗ್ರಾಂ ಸಕ್ಕರೆ. ಸಕ್ಕರೆಯನ್ನು ನೀರಿಗೆ ಹಾಕಿ ಕಾಣದಂತಾಗುವವರೆಗೆ ಕಲಕಿದೆ. ತಕ್ಕಡಿಯ ಮೇಲೆ ಇಡುವ ಮೊದಲು ಬೋರ್ಡಿನ ಮೇಲೆ ಮೂರು ಆಯ್ಕೆ ಬರೆದೆ: ಒಂದು, 150. ಎರಡು, 150 ಮತ್ತು 165ರ ನಡುವೆ. ಮೂರು, 165. ಕಣ್ಣು ಮುಚ್ಚಿಕೊಂಡು ಬೆರಳನ್ನು ಎದೆಯ ಹತ್ತಿರ ಹಿಡಿದು ತೋರಿಸಬೇಕು, ಪಕ್ಕದವರನ್ನು ನೋಡುವ ಹಾಗಿಲ್ಲ. ಇದನ್ನು ಶಿಕ್ಷಕಿಯೇ ಥಾಯ್ ಭಾಷೆಯಲ್ಲಿ ಹೇಳಿದರು. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದು ಅಥವಾ ಎರಡು ಬೆರಳು ತೋರಿಸಿದರು. ಹಿಂದಿನ ದಿನ ಸೊಲ್ಯೂಷನ್ ಎಂದು ಸರಿಯಾಗಿ ಬರೆದಿದ್ದ ಮಕ್ಕಳೇ ಇವರು. ಆಮೇಲೆ ಚಿತ್ರಗಳು. ಕೆಲವರು ಲೋಟದ ತಳದಲ್ಲಿ ಸಕ್ಕರೆಯ ಗುಡ್ಡೆ ಬರೆದಿದ್ದರು. ಬಹಳ ಮಂದಿ ಬರೀ ನೀರು ಬರೆದಿದ್ದರು, ಅದರಲ್ಲಿ ಸಕ್ಕರೆಯೇ ಇಲ್ಲ. ಲೋಟದ ತುಂಬ ಸಮನಾಗಿ ಚುಕ್ಕಿ ಇಟ್ಟವರು ಐದಾರು ಜನ ಮಾತ್ರ. ಒಬ್ಬ ಹುಡುಗನ ವಾದ ನನಗೆ ಇಂದಿಗೂ ನೆನಪಿದೆ: ಸಿಹಿ ಉಳಿದಿದೆ, ಆದರೆ ತೂಕ ಹೋಗಿದೆ.

ಹೀಗೇಕೆ? ಶಿಕ್ಷಕಿ ಬೋರ್ಡಿನ ಮೇಲೆ ಒಂದು ಪದ ಬರೆದರು: 'ಲಲಾಯ್'. ಸಕ್ಕರೆ ನೀರಿನಲ್ಲಿ ಸೇರಿಕೊಂಡರೆ ಲಲಾಯ್. ಮಂಜುಗಡ್ಡೆ ನೀರಾದರೂ ಲಲಾಯ್. ಎರಡಕ್ಕೂ ಒಂದೇ ಪದ. ಅದನ್ನು ಕೇಳಿದಾಗ ನನಗೆ ನಾಚಿಕೆಯಾಯಿತು. ಯಾಕೆಂದರೆ ಕನ್ನಡದಲ್ಲೂ ಅಷ್ಟೇ. ಸಕ್ಕರೆ ಕರಗುತ್ತದೆ, ಮಂಜುಗಡ್ಡೆಯೂ ಕರಗುತ್ತದೆ, ಬೆಣ್ಣೆಯೂ ಕರಗುತ್ತದೆ. ಇಷ್ಟು ಸಾಲದೆಂಬಂತೆ ನಮ್ಮಲ್ಲಿ ಆಸ್ತಿಯೂ ಕರಗಿಹೋಗುತ್ತದೆ, ಮೋಡವೂ ಕರಗಿಹೋಗುತ್ತದೆ. ಕರಗಿತು ಎಂದರೆ ಇಲ್ಲವಾಯಿತು. ಎರಡು ವರ್ಷ ಈ ಪಾಠವನ್ನು ನಮ್ಮೂರಿನ ಹತ್ತಿರ ಹೇಳಿಕೊಟ್ಟಿದ್ದೆ. ಒಂದು ದಿನವೂ ಈ ಪದವನ್ನು ಕೈಗೆತ್ತಿಕೊಂಡು ನೋಡಿರಲಿಲ್ಲ. ಮಕ್ಕಳ ಮಾತು ನನ್ನ ಮಾತೇ ಆಗಿದ್ದಾಗ ಅದರೊಳಗೆ ಏನಿದೆ ಎಂದು ಇಣುಕುವ ಅಗತ್ಯ ಬೀಳಲಿಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ನಿಂತಾಗ ಮಾತ್ರ ಪ್ರತಿಯೊಂದು ಪದವನ್ನೂ ನಿಂತು ನೋಡುವಂತಾಯಿತು.

ಆಮೇಲೆ ತಕ್ಕಡಿಯ ಮೇಲೆ ಲೋಟ ಇಟ್ಟೆವು. 165 ಎಂದು ಬಂದಾಗ ತರಗತಿಯಲ್ಲಿ ಗಲಾಟೆಯೇ ಎದ್ದಿತು. ಆ ನಾಲ್ಕು ವಾರಗಳಲ್ಲಿ ಮಕ್ಕಳು ನನ್ನ ಪಾಠದಲ್ಲಿ ಗಲಾಟೆ ಮಾಡಿದ್ದು ಅದೊಂದೇ ಸಲ.

ಜುಲೈನಲ್ಲಿ ಊರಿಗೆ ಬಂದವಳು ನೇರವಾಗಿ ಹದಿನಾರು ವಾರಗಳ ಇಂಟರ್ನ್‌ಶಿಪ್‌ಗೆ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋದೆ. ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ, ಅದೇ ದ್ರಾವಣಗಳ ಪಾಠ. ದ್ರಾವ್ಯ, ದ್ರಾವಕ, ದ್ರಾವಣ ಎಂದು ಬೋರ್ಡಿನ ಮೇಲೆ ಬರೆದಾಗ ನನಗೆ ಅನಿಸಿತು: ಸಾಲ್ಯೂಟ್, ಸಾಲ್ವೆಂಟ್, ಸೊಲ್ಯೂಷನ್ ಆ ಮಕ್ಕಳಿಗೆ ಎಷ್ಟು ದೂರವೋ, ಈ ಮೂರು ಪದ ಈ ಮಕ್ಕಳಿಗೂ ಅಷ್ಟೇ ದೂರ. ಯಾವುದು ಕರಗಿಸುವುದು, ಯಾವುದು ಕರಗುವುದು ಎಂದು ಕೇಳಿದರೆ ದ್ರಾವ್ಯ ದ್ರಾವಕವಾಗುತ್ತಿತ್ತು, ದ್ರಾವಕ ದ್ರಾವ್ಯವಾಗುತ್ತಿತ್ತು. ಎದುರಿನ ದಿನಸಿ ಅಂಗಡಿಯವರಿಂದ ತಕ್ಕಡಿ ಎರವಲು ತಂದು ಅದೇ ಪ್ರಯೋಗ ಮಾಡಿದೆ. ಇಲ್ಲೂ ತೂಕ ಕಡಿಮೆಯಾಗುತ್ತದೆ ಎಂದವರೇ ಹೆಚ್ಚು. 'ಕರ್ಗೋದ್ಮೇಲೆ ಎಲ್ಲಿಂದ ಬತ್ತದೆ ಮಿಸ್ ತೂಕ?' ಎಂದ ಒಬ್ಬ. ಇವನಿಗೆ ದಾಕ್ಷಿಣ್ಯ ಇರಲಿಲ್ಲ, ನನ್ನ ಪುಣ್ಯ.

ಇಷ್ಟನ್ನು ಹೇಳಿದ ಮೇಲೆ ನನ್ನ ಗೆಳತಿಯೊಬ್ಬಳ ವಿಷಯ ಹೇಳಬೇಕು. ನಮ್ಮ ತರಗತಿಯಲ್ಲಿ ಮಕ್ಕಳ ಜೊತೆ ಅವಳಷ್ಟು ಚೆನ್ನಾಗಿ ಬೆರೆಯುವವರು ಇನ್ನೊಬ್ಬರಿರಲಿಲ್ಲ. ಥಾಯ್ಲೆಂಡಿಗೆ ಅವಳೂ ಹೆಸರು ಕೊಟ್ಟಿದ್ದಳು. ಇಂಗ್ಲಿಷ್ ಸಂದರ್ಶನದಲ್ಲಿ ತಡವರಿಸಿದಳು, ಅಲ್ಲಿಗೆ ಮುಗಿಯಿತು. ಆಯ್ಕೆಯಾಗಿದ್ದರೂ ಹಣ ಹೊಂದಿಸುವುದು ಕಷ್ಟವಿತ್ತು. ಅವಳ ಇಂಟರ್ನ್‌ಶಿಪ್ ಪಾವಗಡ ತಾಲ್ಲೂಕಿನ ಆಂಧ್ರದ ಗಡಿಯ ಒಂದು ಶಾಲೆಯಲ್ಲಿ. ಮಾಧ್ಯಮ ಕನ್ನಡ, ಮಕ್ಕಳ ಮನೆಮಾತು ತೆಲುಗು, ಅವಳಿಗೆ ತೆಲುಗು ಬಾರದು. ದಸರಾ ರಜೆಯಲ್ಲಿ ಸಿಕ್ಕಾಗ ನನ್ನ ಸಕ್ಕರೆಯ ಕಥೆಯನ್ನು ಉತ್ಸಾಹದಿಂದ ಹೇಳಿದೆ. ಅವಳು ಪೂರ್ತಿ ಕೇಳಿ, 'ನನ್ನ ಮಕ್ಕಳು ಕರಿಗಿಪೋಯಿಂದಿ ಅಂತಾರೆ ಕಣೇ' ಅಂದಳು. ತೆಲುಗಿನಲ್ಲೂ ಸಕ್ಕರೆಗೂ ಮಂಜುಗಡ್ಡೆಗೂ ಒಂದೇ ಕ್ರಿಯಾಪದ. ಅವಳು ಮೊದಲ ವಾರದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಪಾಠಕ್ಕೆ ಬೇಕಾದ ತೆಲುಗು ಪದಗಳನ್ನು ಮಕ್ಕಳಿಂದಲೇ ಬರೆಸಿಕೊಂಡಿದ್ದಳು. ಮಕ್ಕಳು ಅವಳಿಗೆ ಮೇಷ್ಟ್ರಾಗಿದ್ದರು. ನಾನು ಎರಡೂವರೆ ಸಾವಿರ ಕಿಲೋಮೀಟರ್ ಹಾರಿ, ಅದರ ಮೇಲೆ ಬಸ್ಸಿನಲ್ಲಿ ಒಂದು ಹಗಲು ಕೂತು ಕಲಿತದ್ದನ್ನು ಅವಳು ತುಮಕೂರಿನಿಂದ ಬಸ್ಸು ಹತ್ತಿ ಹೋಗಿ ಕಲಿತಿದ್ದಳು. ಅವಳ ನೋಟ್‌ಬುಕ್ ಯಾವ ವರದಿಯಲ್ಲೂ ಬಂದಿಲ್ಲ.

ಹಾಗಾದರೆ ವಿದೇಶಕ್ಕೆ ಹೋಗುವುದೇ ಬೇಡವೇ? ಹಾಗೆನ್ನಲಾರೆ. ಅವಕಾಶ ಸಿಕ್ಕರೆ ನಾನು ಮತ್ತೆ ಹೋಗುತ್ತೇನೆ. ಪಾವಗಡದಲ್ಲಿ ಗೆಳತಿಗೆ ಕಷ್ಟವಾದಾಗ ಕನ್ನಡದ ಆಸರೆ ಇತ್ತು, ಅಲ್ಲಿ ನನಗೆ ಯಾವ ಆಸರೆಯೂ ಇರಲಿಲ್ಲ. ಪೂರ್ತಿ ಅಪರಿಚಿತಳಾಗುವ ಅನುಭವಕ್ಕೆ ಅದರದೇ ಬೆಲೆ ಇದೆ. ಇನ್ನೊಂದು ದೇಶ ತನ್ನ ಶಿಕ್ಷಕರನ್ನು ಹೇಗೆ ತಯಾರು ಮಾಡುತ್ತದೆ ಎಂದು ಕಣ್ಣಾರೆ ನೋಡುವುದೂ ಮುಖ್ಯ. ಅಲ್ಲಿ ಶಿಕ್ಷಕ ವೃತ್ತಿಯ ಪರವಾನಗಿ ಬೇಕಾದರೆ ಒಟ್ಟು ಒಂದು ವರ್ಷದ ಶಾಲಾ ಅಭ್ಯಾಸ ಆಗಿರಬೇಕು. ನಮ್ಮಲ್ಲಿ ಎನ್.ಸಿ.ಟಿ.ಇ.ಯ 2014ರ ನಿಯಮಾವಳಿ ಬಂದ ಮೇಲೆ ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರ ಇದೆ, ಮೊದಲ ವರ್ಷ 4, ಎರಡನೆಯ ವರ್ಷ 16. ವಾರಗಳ ಸಂಖ್ಯೆಗಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಖ್ರೂ ಫೀ ಲಿಯಂಗ್ ಕೆಲಸ. ಅವರು ನನ್ನ ಪ್ರತಿ ಪಾಠಕ್ಕೂ ಕೊನೆಯವರೆಗೆ ಕೂತಿದ್ದರು, ಆಮೇಲೆ ಮಕ್ಕಳ ಹಾಳೆಗಳನ್ನು ಮುಂದಿಟ್ಟುಕೊಂಡು ಮಾತಾಡುತ್ತಿದ್ದರು. ಮಾತು ನನ್ನ ಬಗ್ಗೆ ಬರುತ್ತಿದ್ದುದು ಕಡಿಮೆ.

ವಿದೇಶಿ ಅಭ್ಯಾಸದ ಬಗ್ಗೆ ಒಂದು ಆಕ್ಷೇಪವನ್ನು ನಾನು ಒಪ್ಪಲೇಬೇಕು. ನಾವು ಕಲಿಯಲೆಂದು ಇನ್ನೊಬ್ಬರ ಮಕ್ಕಳ ಪಾಠದ ಅವಧಿಗಳನ್ನು ಬಳಸಿಕೊಳ್ಳುತ್ತೇವೆ. ಕೊನೆಯ ದಿನ ಶಿಕ್ಷಕಿಯನ್ನು ಒತ್ತಾಯಿಸಿ ಕೇಳಿದೆ. ನನ್ನ ಪಾಠಗಳಲ್ಲಿ ಎರಡನ್ನು ಮತ್ತೆ ಥಾಯ್ ಭಾಷೆಯಲ್ಲಿ ಮಾಡಬೇಕಾಗುತ್ತದೆ ಎಂದು ಅವರು ಸಂಕೋಚದಿಂದಲೇ ಒಪ್ಪಿಕೊಂಡರು. ಆ ಎರಡು ಅವಧಿ ಆ ಮಕ್ಕಳು ನನಗೆ ಕೊಟ್ಟ ಸಾಲ. ಅಮ್ಮನ ಸಂಘದ ಸಾಲವನ್ನು ಕಂತಿನಲ್ಲಿ ತೀರಿಸುತ್ತಿದ್ದೇನೆ. ಆ ಎರಡು ಅವಧಿಯ ಸಾಲವನ್ನು ಇಲ್ಲಿನ ಮಕ್ಕಳಿಗೆ ತೀರಿಸಬೇಕು. ಈ ಮಾತು ಇಲ್ಲಿನ ಬೋಧನಾಭ್ಯಾಸಕ್ಕೂ ಅನ್ವಯಿಸುತ್ತದೆ. ಪ್ರತಿ ವರ್ಷ ನಾವು ಬಂದು ಹೋದ ಮೇಲೆ ಅದೇ ಪಾಠವನ್ನು ಮತ್ತೊಮ್ಮೆ ಮಾಡುವ ಶಿಕ್ಷಕರು ನಮ್ಮ ಸಹಕಾರಿ ಶಾಲೆಗಳಲ್ಲೂ ಇದ್ದಾರೆ.

ಈಗ ನನ್ನ ಸಲಹೆಗಳು. ಗುರುಗಳು ಇದನ್ನು ಉದ್ಧಟತನ ಎಂದು ತಿಳಿಯಬಾರದು.

ಮೊದಲನೆಯದು ಆಯ್ಕೆ. ಇಂಗ್ಲಿಷ್ ಸಂದರ್ಶನವೊಂದನ್ನೇ ಅಳತೆಗೋಲು ಮಾಡಬೇಡಿ. ಹೆಸರು ಕೊಟ್ಟವರಿಗೆ ಹತ್ತು ನಿಮಿಷದ ಒಂದು ಪಾಠ ಕೊಡಿ, ಮಾತಾಡುವ ಹಾಗಿಲ್ಲ ಎನ್ನಿ. ವಸ್ತು, ಚಿತ್ರ, ಸನ್ನೆಗಳಿಂದ ಒಂದು ಪರಿಕಲ್ಪನೆಯನ್ನು ಯಾರು ದಾಟಿಸುತ್ತಾರೋ ಅವರು ಹೋಗಲಿ. ನನ್ನ ಗೆಳತಿ ಅಲ್ಲಿ ಗೆಲ್ಲುತ್ತಿದ್ದಳು, ನಾನು ಬಹುಶಃ ಸೋಲುತ್ತಿದ್ದೆ.

ಎರಡನೆಯದು ಸಿದ್ಧತೆ. ಹೋಗುವ ಮೊದಲು ಆ ದೇಶದ ಇತಿಹಾಸ, ಹಬ್ಬಗಳ ಬಗ್ಗೆ ನಮಗೆ ಉಪನ್ಯಾಸ ಸಿಕ್ಕಿತು, ಚೆನ್ನಾಗಿತ್ತು. ಅದರ ಜೊತೆಗೆ ನಾವು ಮಾಡಲಿರುವ ಪಾಠದ ಹತ್ತು ಮುಖ್ಯ ಪದಗಳಿಗೆ ಆ ಭಾಷೆಯಲ್ಲಿ ಏನೆನ್ನುತ್ತಾರೆ, ಆ ಪದವನ್ನು ದಿನಬಳಕೆಯಲ್ಲಿ ಇನ್ನು ಯಾವುದಕ್ಕೆ ಬಳಸುತ್ತಾರೆ ಎಂಬುದನ್ನು ಅಲ್ಲಿನ ಮಾರ್ಗದರ್ಶಕ ಶಿಕ್ಷಕರಿಂದ ಮೊದಲೇ ತರಿಸಿಕೊಳ್ಳಬೇಕು. ಅದು ನನ್ನ ಕೈಯಲ್ಲಿದ್ದಿದ್ದರೆ ಆ ಮಕ್ಕಳ ಒಂದು ಅವಧಿ ಉಳಿಯುತ್ತಿತ್ತು.

ಮೂರನೆಯದು ವರದಿ. ನಾನು ಸಲ್ಲಿಸಿದ ವರದಿ ನಲವತ್ತು ಪುಟ, ಅದರಲ್ಲಿ ಇಪ್ಪತ್ತೆರಡು ಪುಟ ಫೋಟೊ. ಸಕ್ಕರೆಯ ಪಾಠ ಅದರಲ್ಲಿ ಎರಡು ಸಾಲು, ಅದೂ ಯಶಸ್ವಿಯಾಗಿ ಬೋಧಿಸಲಾಯಿತು ಎಂದು. ಆ ಸುಳ್ಳಿಗೆ ಒಳ್ಳೆಯ ಅಂಕವೂ ಬಂತು. ಅದರ ಬದಲು ಒಂದೇ ಒಂದು ಪಾಠ ಬರೆಸಿ: ಏನು ಮಾಡಿದೆ, ಮೂವರು ಮಕ್ಕಳು ಅದನ್ನು ಹೇಗೆ ಅರ್ಥಮಾಡಿಕೊಂಡರು, ಅವರ ಚಿತ್ರ ಅಥವಾ ಮಾತು ಯಾವುದು, ಮರುದಿನ ನಾನು ಏನು ಬದಲಿಸಿದೆ. ನಾಲ್ಕು ಪುಟ ಸಾಕು. ನಮ್ಮ ಅವಲೋಕನ ಪತ್ರದಲ್ಲೂ ಪೀಠಿಕೆ, ಪ್ರಶ್ನೆ ಕೇಳುವಿಕೆ, ಕಪ್ಪುಹಲಗೆಯ ಬಳಕೆ, ಪುನರ್ಬಲನ, ಮುಕ್ತಾಯ ಎಂದು ಶಿಕ್ಷಕರ ಕೆಲಸಕ್ಕೆ ಅಂಕಣಗಳಿವೆ. ಮಗುವಿಗೆ ಏನು ಅರ್ಥವಾಯಿತು ಎಂದು ಬರೆಯಲು ಒಂದು ಅಂಕಣ ಸೇರಿಸಬೇಕು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಹದಿನಾರು ವಾರಗಳಲ್ಲಿ ಎರಡು ವಾರವನ್ನು ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ತನಗೆ ಬಾರದ ಮನೆಮಾತಿನ ಮಕ್ಕಳಿರುವ ಶಾಲೆಯಲ್ಲಿ ಕಳೆಯಲಿ. ಅದಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಪಾವಗಡದಲ್ಲಿ ತೆಲುಗು ಇದೆ, ಬೆಳಗಾವಿ ಕಡೆ ಮರಾಠಿ ಇದೆ, ಮಂಗಳೂರು ಕಡೆ ತುಳು, ಬ್ಯಾರಿ, ಕೊಂಕಣಿ ಇವೆ, ವಿಜಯಪುರದ ತಾಂಡಾಗಳಲ್ಲಿ ಲಂಬಾಣಿ ಇದೆ, ಪ್ರತಿ ಪಟ್ಟಣದಲ್ಲೂ ಉರ್ದು ಶಾಲೆ ಇದೆ. ಥಾಯ್ಲೆಂಡಿಗೆ ಹೋಗುವ ಇಬ್ಬರು ಮೂವರು ಬಂದ ಮೇಲೆ, ಇಲ್ಲಿ ಹೀಗೆ ಹೋಗಿ ಬಂದ ಉಳಿದವರ ಜೊತೆ ಕೂತು ಒಂದೇ ಪಾಠದ ಮಕ್ಕಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಆಗ ಒಬ್ಬರ ಪ್ರವಾಸ ಎಲ್ಲರ ಕಲಿಕೆಯಾಗುತ್ತದೆ.

ಕಳೆದ ವಾರ ಮೊದಲ ವರ್ಷದ ಒಬ್ಬ ತಂಗಿ ಬಂದಿದ್ದಳು. ಜೀವಶಾಸ್ತ್ರದವಳು. ಈ ಸಲ ಹೆಸರು ಕೊಡುತ್ತಾಳಂತೆ, ಕೊಡಲೋ ಬೇಡವೋ ಎಂಬ ಅನುಮಾನದಲ್ಲಿದ್ದಳು. ಊಟದ ಬಗ್ಗೆ ಕೇಳಿದಳು, ಹೇಳಿದೆ. ಆಮೇಲೆ ನನ್ನ ಬೀರುವಿನಲ್ಲಿದ್ದ ಆ ಹಾಳೆಗಳ ಕಟ್ಟನ್ನು ತೆಗೆದು ಈಸಾನಿನ ಮಕ್ಕಳು ಬರೆದ ಲೋಟಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿ, 'ಅಕ್ಕಾ, ಈ ಮಗು ಸಕ್ಕರೆನೇ ಬರೆದಿಲ್ವಲ್ಲಾ, ಯಾಕೆ?' ಎಂದಳು. ಸಂದರ್ಶನಕ್ಕೆ ಮೊದಲೇ ಅವಳು ಸರಿಯಾದ ಪ್ರಶ್ನೆ ಕೇಳಿದ್ದಾಳೆ. ಅವಳ ಇಂಗ್ಲಿಷ್ ಹೇಗಿದೆಯೋ ನನಗೆ ಗೊತ್ತಿಲ್ಲ. ಪಟ್ಟಿ ಅಂತಿಮವಾಗುವ ಮೊದಲು ಗುರುಗಳು ಅವಳಿಗೂ ಒಂದು ಲೋಟ ನೀರು, ಒಂದು ಹಿಡಿ ಸಕ್ಕರೆ ಕೊಟ್ಟು ನೋಡಬೇಕೆಂದು ಕೋರುತ್ತೇನೆ.